ವಾಸಿಯಾದ ಮೇಲಿನ ಪರೀಕ್ಷೆ

ಮೈಸೂರಿನಲ್ಲಿ ನಮಗೆ ಬಹುಕಾಲದಿಂದ ಬೇಕಾದವರಾದ ಕ್ರೈಸ್ತ ಕುಟುಂಬವೊಂದುಂಟು. ಅವರ ನಡುಮನೆಯ ಗೋಡೆಯ ಮೇಲೆ ವರುಷ ವರುಷವೂ ಎರಡು ತಿಂಗಳಪಟ್ಟಿಗಳು ತೂಗುತ್ತಿರುವುವು. ಒಂದು ಯಜಮಾನರದು. ಅವರು ಸಿ.ಎಸ್.ಐ. ಸಭೆಗೆ ಸೇರಿದವರು, ಅವರ ಪಟ್ಟಿಯಲ್ಲಿ ದಿನಕ್ಕೊಂದು ವೇದವಾಕ್ಯ ಅಚ್ಚಾಗಿರುವುದು. ಮತ್ತೊಂದು ಅವರ ಪತ್ನಿಯದು. ಆಕೆ ಹುಟ್ಟಿ ಬೆಳೆದದ್ದು ರೋಮನ್ ಕ್ಯಾಥೊಲಿಕ್ ಮನೆತನದಲ್ಲಿ. ಆಕೆಯ ಪಟ್ಟಿಯಲ್ಲಿ ಸಂತರ ಹಬ್ಬಗಳೂ ಉಪವಾಸದ ದಿನಗಳೂ ಕಾಣುವುವು. ಮದುವೆಯಾಗಿ ನಲವತ್ತು ವರುಷಗಳಾದರೂ ಈ ಎರಡು ಪಟ್ಟಿಗಳು ಒಂದಾಗಲಿಲ್ಲ. ಅದರಿಂದ ಮನೆಯ ಶಾಂತಿಗೆ ಯಾವ ಕುಂದೂ ಬರಲಿಲ್ಲ. ಆದರೆ ಈಚಿನ ನಾಲ್ಕು ವರುಷಗಳಿಂದ ಎರಡು ಪಟ್ಟಿಗಳಲ್ಲಿಯೂ ಒಂದೇ ದಿನಕ್ಕೆ ಕೆಂಪು ಮಸಿಯ ಸುತ್ತು ಬಿದ್ದಿರುವುದನ್ನು ನಾವು ಕಾಣುತ್ತ ಬಂದಿದ್ದೇವೆ. ಮೂರು ತಿಂಗಳಿಗೊಮ್ಮೆ ಬರುವ ಆ ದಿನ ಯಾವ ಸಂತರ ಹಬ್ಬವೂ ಅಲ್ಲ. ಅದು ಯಜಮಾನರ ರಕ್ತಪರೀಕ್ಷೆಯ ದಿನ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರೆಂದೂ, ವಯಸ್ಸು ಎಪ್ಪತ್ತಕ್ಕೆ ಸಮೀಪವೆಂದೂ ತಿಳಿದರೆ ಸಾಕು. ತಮ್ಮ ಸಂಗತಿಯನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟರು. “ಗಂಡಸರು ಇದನ್ನು ಬಾಯಿಬಿಟ್ಟು ಆಡುವುದಿಲ್ಲ, ಮನೆಯ ಹೆಂಗಸರಾದರೂ ಓದಿ ಅವರ ಕಿವಿಗೆ ಹಾಕಲಿ” ಎಂದರು. ಎಲ್ಲರೂ ಕುಳಿತು ಓದುವ ಪತ್ರಿಕೆಯಲ್ಲಿ ಇಂತಹ ವಿಷಯ ಸಲ್ಲದೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಸ್ತನದ ಕ್ಯಾನ್ಸರಿನ ಮಾತನ್ನೂ ಒಂದು ಕಾಲದಲ್ಲಿ ಹೀಗೆಯೇ ಮುಚ್ಚಿಡುತ್ತಿದ್ದರು. ಆ ಮರ್ಯಾದೆಗೆ ಎಷ್ಟೋ ಮಂದಿ ತಾಯಂದಿರು ಪ್ರಾಣವನ್ನು ತೆತ್ತರು. ಆದುದರಿಂದ ನಾವು ಸಂಕೋಚವನ್ನು ಬದಿಗಿಟ್ಟು ಬರೆಯುತ್ತೇವೆ.

ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ಸುತ್ತಿಕೊಂಡು, ಅಕ್ರೋಟು ಕಾಯಿಯಷ್ಟು ಗಾತ್ರದ ಒಂದು ಗ್ರಂಥಿಯುಂಟು. ಅದಕ್ಕೆ ಪ್ರಾಸ್ಟೇಟ್ ಎಂದು ಹೆಸರು. ವಯಸ್ಸಾದಂತೆ ಇದು ದಪ್ಪವಾಗುವುದು ಬಹುಮಂದಿಗೆ ಸಹಜವೇ; ಅಂಥ ಊತವೆಲ್ಲ ಕ್ಯಾನ್ಸರ್ ಅಲ್ಲ. ಕೆಲವರಲ್ಲಿ ಮಾತ್ರ ಅಲ್ಲಿ ಕ್ಯಾನ್ಸರ್ ಹುಟ್ಟುವುದು. ನಮ್ಮ ಮಿತ್ರರಿಗೆ ಅದು ಗೊತ್ತಾದಾಗ ಗ್ರಂಥಿಯ ಹೊರಗೆ ಹರಡಿದ ಗುರುತು ಕಾಣಲಿಲ್ಲ. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದರು. ಆಮೇಲೆ ಕೆಲವು ತಿಂಗಳು ಮೂತ್ರವು ಹಿಡಿತಕ್ಕೆ ಬಾರದೆ ಅವರು ಪಟ್ಟ ಸಂಕಟವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಆರಾಧನೆಯಲ್ಲಿ ಹಿಂದಿನ ಬೆಂಚಿನ ತುದಿಯಲ್ಲಿ, ಬಾಗಿಲಿಗೆ ಹತ್ತಿರವಾಗಿ ಕೂರಲು ಆರಂಭಿಸಿದರು. ಮೂವತ್ತು ವರುಷ ಗಾನವೃಂದದ ಮುಂದಿನ ಸಾಲಿನಲ್ಲಿ ನಿಂತವರು ಅಲ್ಲಿಗೆ ಏಕೆ ಹೋದರೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಸಾರ ಜೀವನಕ್ಕೆ ಸಂಬಂಧಿಸಿದ ಮತ್ತೊಂದು ನಷ್ಟವೂ ಈ ಚಿಕಿತ್ಸೆಯಿಂದ ಬಹುಮಂದಿಗೆ ಒದಗುವುದು. ಅದನ್ನು ಗಂಡಹೆಂಡಿರಿಬ್ಬರೂ ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಬೇಕೆಂದು ಮಾತ್ರ ಹೇಳಿ ಮುಂದೆ ಹೋಗುತ್ತೇವೆ.

ಈಗ ಪರೀಕ್ಷೆಯ ವಿಚಾರ. ಪ್ರಾಸ್ಟೇಟ್ ಗ್ರಂಥಿಯ ಕಣಗಳು ಒಂದು ಬಗೆಯ ಸಸಾರಜನಕ ವಸ್ತುವನ್ನು ತಯಾರಿಸುವುವು. ಅದನ್ನು ಸಂಕ್ಷೇಪವಾಗಿ ಪಿ.ಎಸ್.ಎ. ಎನ್ನುವರು. ಅಮೆರಿಕಾದ ಬಫಲೋ ಪಟ್ಟಣದ ವಿಜ್ಞಾನಿಗಳು ೧೯೭೯ರಲ್ಲಿ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಇದರ ಸ್ವಲ್ಪ ಅಂಶ ರಕ್ತಕ್ಕೆ ಸೋರುವುದರಿಂದ ರಕ್ತದಲ್ಲಿ ಅಳೆಯಬಹುದು. ರೋಗವಿದೆಯೋ ಇಲ್ಲವೋ ಎಂದು ಹುಡುಕಲು ಈ ಪರೀಕ್ಷೆ ಹುಟ್ಟಿತೆಂದು ಸಾಮಾನ್ಯವಾಗಿ ಜನ ತಿಳಿದಿರುವರು. ವಾಸ್ತವವಾಗಿ ಅಮೆರಿಕಾದ ಔಷಧ ನಿಯಂತ್ರಣಾಧಿಕಾರಿಗಳು ೧೯೮೬ರಲ್ಲಿ ಇದಕ್ಕೆ ಮೊದಲು ಅನುಮತಿ ಕೊಟ್ಟದ್ದು ರೋಗವಿದೆಯೆಂದು ಆಗಲೇ ಗೊತ್ತಾದವರ ಸ್ಥಿತಿಯನ್ನು ಕಾಯುತ್ತಿರುವುದಕ್ಕೆ. ಹೊಸದಾಗಿ ರೋಗವನ್ನು ಹುಡುಕುವುದಕ್ಕೆ ಅನುಮತಿ ದೊರೆತದ್ದು ೧೯೯೪ರಲ್ಲಿ. ಹೊಸದಾಗಿ ಹುಡುಕುವುದರಲ್ಲಿ ಇದು ಎಷ್ಟು ಉಪಯುಕ್ತವೆಂಬುದರ ಬಗ್ಗೆ ವೈದ್ಯರಲ್ಲಿ ಇಂದಿಗೂ ಚರ್ಚೆಯುಂಟು. ಚಿಕಿತ್ಸೆಯಾದವರನ್ನು ಕಾಯುವುದರಲ್ಲಿ ಇದರ ಉಪಕಾರ ನಿರ್ವಿವಾದವಾದುದು.

ಕಾರಣ ಸರಳವಾಗಿದೆ. ಗ್ರಂಥಿಯನ್ನೇ ತೆಗೆದುಹಾಕಿದ ಮೇಲೆ ಆ ವಸ್ತುವನ್ನು ಉತ್ಪತ್ತಿ ಮಾಡುವವರು ಯಾರೂ ಇರಕೂಡದು. ರಕ್ತದಲ್ಲಿ ಉಳಿದದ್ದು ಎರಡು ಮೂರು ದಿನಗಳಿಗೊಮ್ಮೆ ಅರ್ಧರ್ಧವಾಗಿ ಕರಗುತ್ತ ಬಂದು, ಆರು ವಾರಗಳ ಹೊತ್ತಿಗೆ ಯಂತ್ರಕ್ಕೆ ಸಿಕ್ಕದಷ್ಟು ಕಡಿಮೆಯಾಗಬೇಕು. ಮುಂದೆ ಎಂದಾದರೂ ಅದು ಮತ್ತೆ ತಲೆಯೆತ್ತಿ, ಒಂದು ಮಿಲಿಲೀಟರ್ ರಕ್ತದಲ್ಲಿ ೦.೨ ನ್ಯಾನೋಗ್ರಾಂ ಮುಟ್ಟಿ, ಎರಡನೆಯ ಪರೀಕ್ಷೆಯಲ್ಲಿಯೂ ಹಾಗೆಯೇ ಬಂದರೆ, ಎಲ್ಲಿಯೋ ಕೆಲವು ಕಣಗಳು ಉಳಿದುಕೊಂಡಿವೆಯೆಂದು ವೈದ್ಯರು ಎಣಿಸುವರು. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಅಷ್ಟು ಅಲ್ಪವಾದುದನ್ನು ತೂಗಬಲ್ಲ ತಕ್ಕಡಿ ಮನುಷ್ಯನಿಗೆ ಸಿಕ್ಕಿರುವುದೇ ಆಶ್ಚರ್ಯ. ಗ್ರಂಥಿಯನ್ನು ತೆಗೆಯದೆ ಕಿರಣ ಚಿಕಿತ್ಸೆ ಮಾಡಿಸಿಕೊಂಡವರ ಲೆಕ್ಕ ಬೇರೆ. ಅವರಲ್ಲಿ ಅಂಕಿ ಮೆಲ್ಲಮೆಲ್ಲನೆ, ತಿಂಗಳುಗಟ್ಟಲೆ ಇಳಿಯುವುದು. ಇಳಿದ ಅತಿ ಕೆಳಗಿನ ಮಟ್ಟಕ್ಕಿಂತ ೨ ನ್ಯಾನೋಗ್ರಾಂ ಮೇಲೇರಿದರೆ ಮಾತ್ರ ರೋಗ ಮರುಕಳಿಸಿತೆಂದು ಲೆಕ್ಕ. ನಡುವೆ ಒಮ್ಮೆ ತಾನಾಗಿ ಏರಿ ತಾನಾಗಿ ಇಳಿಯುವುದೂ ಉಂಟು. ಆದುದರಿಂದ ಒಬ್ಬರ ಚೀಟಿಯನ್ನು ಮತ್ತೊಬ್ಬರ ಚೀಟಿಯೊಡನೆ ಹೋಲಿಸಿ ಹೆದರುವುದಾಗಲಿ ಹಿಗ್ಗುವುದಾಗಲಿ ಸರಿಯಲ್ಲ.

ನಮ್ಮ ಮಿತ್ರರಿಗೆ ಆರು ವಾರಗಳಲ್ಲಿಯೇ ಅಂಕಿ ಯಂತ್ರದ ಕೈಗೆ ಸಿಕ್ಕದಷ್ಟು ಇಳಿಯಿತು. ಒಂದು ವರುಷ ಹಾಗೆಯೇ ನಿಂತಿತು. ವರುಷ ತುಂಬಿದ ಭಾನುವಾರ ಸಭೆಯ ಮುಂದೆ ನಿಂತು ಕೃತಜ್ಞತೆಯ ಸಾಕ್ಷಿ ಹೇಳಿದರು. ದೇವರು ತಮ್ಮನ್ನು ಪೂರ್ಣವಾಗಿ ಗುಣಪಡಿಸಿದನೆಂದರು. ಜನರು ಕಣ್ಣೀರಿಟ್ಟರು, ಮನೆಯಲ್ಲಿ ಊಟವಾಯಿತು, ನಾವೂ ಹೋಗಿ ಉಂಡು ಬಂದೆವು. ಪತ್ನಿಯು ಅದೇ ಸಂಜೆ ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯಕ್ಕೆ ಹೋಗಿ ಮೇಣದ ಬತ್ತಿ ಹಚ್ಚಿದರು.

ಈ ದೇವಾಲಯವನ್ನು ಅರಿಯದ ಮೈಸೂರಿನವರಿಲ್ಲ. ೧೯೩೩ರಲ್ಲಿ ಇದರ ಅಸ್ತಿಭಾರದ ಕಲ್ಲನ್ನಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರವರು. ೧೭೫ ಅಡಿ ಎತ್ತರದ ಆ ಜೋಡಿ ಗೋಪುರಗಳ ಕೆಳಗೆ, ನೆಲಮಾಳಿಗೆಯಲ್ಲಿರುವ ಸಂತಳ ಅವಶೇಷದ ಮುಂದೆ, ಯಾವ ಜಾತಿಯವರೆಂದು ಕೇಳುವವರಿಲ್ಲದೆ ಜನರು ಹರಕೆ ಹೊತ್ತು ಬರುವರು. ಚಾಮುಂಡಿಬೆಟ್ಟದ ಮೆಟ್ಟಿಲುಗಳಿಗೆ ಕುಂಕುಮ ಹಚ್ಚಿದ ಕೈಯೇ ಇಲ್ಲಿ ಬತ್ತಿ ಹಚ್ಚುವುದನ್ನು ನಾವು ಕಂಡಿದ್ದೇವೆ. ಅಲ್ಲಿಂದ ಬಹಳ ದೂರವಲ್ಲದ ಮಂಡಿ ಮೊಹಲ್ಲದಲ್ಲಿ ವೆಸ್ಲಿಯನ್ ಮಿಷನಿನವರು ೧೯೦೬ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯುಂಟು. ಊರಿನವರು ಮಿಷನ್ ಆಸ್ಪತ್ರೆಯೆಂದೇ ಕರೆಯುವರು. ಮೊದಲಿಗೆ ಅದು ಹೆಂಗಸರಿಗೂ ಮಕ್ಕಳಿಗೂ ಮೀಸಲಾಗಿದ್ದಿತು. ಸುವಾರ್ತೆಯನ್ನು ಹೊತ್ತು ಬಂದವರು ಪ್ರಾರ್ಥನಾಮಂದಿರದ ಜೊತೆಗೆ ಆಸ್ಪತ್ರೆಯನ್ನೂ ಕಟ್ಟಿದರೆಂಬುದನ್ನು ವಾಚಕರು ಜ್ಞಾಪಕದಲ್ಲಿಡಬೇಕು. ಮುಂದೆ ಹೇಳುವ ಸಂಗತಿಗೆ ಇದು ಬೇಕಾಗುವುದು.

ಸಾಕ್ಷಿ ಹೇಳಿ ಆರು ತಿಂಗಳಿಗೆ ಅಂಕಿ ೦.೦೬ ಬಂದಿತು. ಮತ್ತೆ ಮೂರು ತಿಂಗಳಿಗೆ ೦.೧೧. ವೈದ್ಯರು ಹೆದರಬೇಕಾಗಿಲ್ಲವೆಂದೂ, ಆದರೆ ತಪ್ಪದೆ ಮೂರು ತಿಂಗಳಿಗೊಮ್ಮೆ ಬರಬೇಕೆಂದೂ ಹೇಳಿ ಕಳುಹಿಸಿದರು. ಮಿತ್ರರು ಆ ಚೀಟಿಯನ್ನು ಪತ್ನಿಗೆ ತೋರಿಸಿದರು; ಸಭೆಯವರಿಗೆ ತೋರಿಸಲಿಲ್ಲ. ಹೇಗೆ ತೋರಿಸಿಯಾರು? ಗುಣವಾಯಿತೆಂದು ಎಲ್ಲರೆದುರು ಸಾಕ್ಷಿ ಹೇಳಿದ್ದಾಗಿದೆ. ಈಗ ಅಂಕಿ ಏರುತ್ತಿದೆಯೆಂದರೆ ಸುಳ್ಳಾದದ್ದು ಯಾವುದು? ತಮ್ಮ ಮಾತೋ, ದೇವರ ಕೆಲಸವೋ? ಈ ಪ್ರಶ್ನೆ ಅವರ ನಿದ್ರೆಯನ್ನು ತಿಂದಿತು.

ಅದೇ ಕಾಲಕ್ಕೆ ಪರಸ್ಥಳದಿಂದ ಪ್ರಸಂಗಿಯೊಬ್ಬರು ಬಂದು ಮೂರು ರಾತ್ರಿ ಉಜ್ಜೀವನ ಕೂಟಗಳನ್ನು ನಡೆಸಿದರು. ಅವರು ಯಾರೆಂಬುದು ಇಲ್ಲಿ ಬೇಡ. ಗುಣವನ್ನು ನಂಬಿಕೆಯಿಂದ ಹೊಂದಿದವನು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳುವುದು, ತೀರಿಸಿದ ಸಾಲದ ಪತ್ರವನ್ನು ದಿನವೂ ತೆಗೆದು ನೋಡಿದಂತೆ, ದೇವರನ್ನು ಪರೀಕ್ಷಿಸಬಾರದೆಂದು ಯೇಸುವೇ ಸೈತಾನನಿಗೆ ಉತ್ತರ ಕೊಡಲಿಲ್ಲವೆ ಎಂದು ಅವರು ಬೋಧಿಸಿದರಂತೆ. ಮಾತು ಚೆನ್ನಾಗಿಯೇ ಇತ್ತು. ಬೇಸತ್ತ ಮನಸ್ಸಿಗೆ ಇನ್ನೂ ಚೆನ್ನಾಗಿ ಕೇಳಿಸಿತು. ನಮ್ಮ ಮಿತ್ರರು ಮುಂದಿನ ಪರೀಕ್ಷೆಗೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ತಿಂಗಳಪಟ್ಟಿಯಲ್ಲಿ ಕೆಂಪು ಸುತ್ತು ಇದ್ದೇ ಇತ್ತು. ಆ ಬೆಳಗ್ಗೆ ಅವರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಎರಡು ಸುತ್ತು ನಡೆದು, ಹತ್ತು ಗಂಟೆಗೆ ಮನೆಗೆ ಬಂದು, ಆಯಿತೆನ್ನುವಂತೆ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಇದು ಅವರೇ ನಮಗೆ ಹೇಳಿದ ಮಾತು. ಅಧ್ಯಾಪಕರಾಗಿದ್ದವರು, ಮಕ್ಕಳ ಸುಳ್ಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದವರು, ಹೀಗೆ ಮಾಡಿದರೆ ಮನೆಯವರಿಗೆ ತಿಳಿಯದೆ ಹೋಗುವುದೆ? ಮೊಳಕೈಯ ಒಳಬದಿಯಲ್ಲಿ ಹತ್ತಿಯ ಚೂರೂ ಇಲ್ಲ, ಸೂಜಿಯ ಗುರುತೂ ಇಲ್ಲ ಎಂಬುದನ್ನು ಪತ್ನಿ ಎರಡನೆಯ ಸಲವೇ ಗಮನಿಸಿದರು. ಜಗಳವಾಡಲಿಲ್ಲ. ತಮ್ಮ ಬೈಬಲನ್ನು ತೆಗೆದು ಸಿರಾಖನ ಗ್ರಂಥದ ೩೮ನೆಯ ಅಧ್ಯಾಯಕ್ಕೆ ಗುರುತಿಟ್ಟು ಅವರ ಮೇಜಿನ ಮೇಲೆ ಇರಿಸಿದರು. ವೈದ್ಯನನ್ನು ಗೌರವಿಸಬೇಕು, ಅವನನ್ನೂ ಔಷಧಿಯನ್ನೂ ಸೃಷ್ಟಿಸಿದವನು ದೇವರೇ ಎಂಬ ಅಭಿಪ್ರಾಯ ಅಲ್ಲಿರುವುದು. ಈ ಗ್ರಂಥ ಕ್ಯಾಥೊಲಿಕರ ಬೈಬಲಿನಲ್ಲಿ ಉಂಟು, ಪ್ರೊಟೆಸ್ಟಂಟರದರಲ್ಲಿ ಇಲ್ಲ. ನಮ್ಮ ಮಿತ್ರರು ಅದನ್ನು ಓದಿ, ಇದು ನಮ್ಮ ಪುಸ್ತಕದಲ್ಲಿ ಇಲ್ಲವೆಂದು ಹೇಳಿ ಹಿಂದಿರುಗಿಸಿದರಂತೆ. ನಲವತ್ತು ವರುಷದ ವಾದದಲ್ಲಿ ಇದೊಂದು ಹೊಸ ಅಧ್ಯಾಯ.

ಆಕೆ ನೇರವಾಗಿ ಗಂಡನ ಸಭೆಯ ಪಾಲಕರ ಬಳಿಗೆ ಹೋದರು. ಆ ಪಾಲಕರು ಬಹಳ ಮಾತಿನವರಲ್ಲ. ಸಂಜೆ ಬಂದು, ಕಾಫಿ ಕುಡಿದು, “ಯಾಜಕಕಾಂಡವನ್ನು ಓದಿದ್ದೀರಾ?” ಎಂದು ಕೇಳಿದರು. ಯಾರು ತಾನೆ ಓದುತ್ತಾರೆ? ಬಲಿಗಳ ವಿವರವೂ ಚರ್ಮರೋಗದ ವಿವರವೂ ತುಂಬಿದ ಪುಸ್ತಕವದು. “೧೩ನೆಯ ಅಧ್ಯಾಯವನ್ನು ಈ ರಾತ್ರಿ ಓದಿರಿ, ನಾಳೆ ಮಾತನಾಡೋಣ” ಎಂದು ಹೇಳಿ ಹೊರಟುಹೋದರು.

ಮಾರನೆಯ ದಿನ ನಾವೂ ಅಲ್ಲಿದ್ದೆವು. ಆ ಅಧ್ಯಾಯದಲ್ಲಿ ಇರುವುದಿಷ್ಟು. ಮೈಮೇಲೆ ಅನುಮಾನದ ಮಚ್ಚೆ ಕಂಡವನು ಯಾಜಕನಿಗೆ ತೋರಿಸಿಕೊಳ್ಳಬೇಕು. ಯಾಜಕನಿಗೆ ನಿಶ್ಚಯವಾಗದಿದ್ದರೆ ಏಳು ದಿನ ಪ್ರತ್ಯೇಕವಾಗಿರಿಸಿ ಮತ್ತೆ ನೋಡಬೇಕು. ಮಚ್ಚೆ ಇದ್ದ ಹಾಗೆಯೇ ಇದ್ದರೆ ಇನ್ನೂ ಏಳು ದಿನ ಕಾದು ಮತ್ತೊಮ್ಮೆ ನೋಡಬೇಕು. ಬಣ್ಣ ಮಾಸಿ ಹರಡದೆ ಇದ್ದರೆ ಶುದ್ಧನೆಂದು ಹೇಳಬೇಕು. ಇಷ್ಟು ನಮ್ಮಲ್ಲಿ ಕೆಲವರಿಗೆ ತಿಳಿದದ್ದೇ. ಆದರೆ ಅದರ ಮರುವಚನವನ್ನು ನಾವು ಯಾರೂ ಮನಸ್ಸಿಟ್ಟು ಓದಿರಲಿಲ್ಲ. ಶುದ್ಧನೆಂದು ಹೇಳಿಸಿಕೊಂಡ ಮೇಲೆ ಆ ಮಚ್ಚೆ ಹರಡುವುದು ಕಂಡರೆ, ಅವನು ಮತ್ತೆ ಹೋಗಿ ಯಾಜಕನಿಗೆ ತೋರಿಸಿಕೊಳ್ಳಬೇಕೆಂದು ಅಲ್ಲಿ ವಿಧಿಸಿದೆ. ಮೊದಲು ಶುದ್ಧನೆಂದವನು ಸುಳ್ಳು ಹೇಳಿದನೆಂದಾಗಲಿ, ರೋಗಿಯ ನಂಬಿಕೆ ಸಾಲದಾಯಿತೆಂದಾಗಲಿ ಅಲ್ಲಿ ಒಂದು ಮಾತೂ ಇಲ್ಲ. ಮತ್ತೆ ಹೋಗಿ ತೋರಿಸಿಕೋ, ಅಷ್ಟೇ.

ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ನೆನಪಾಯಿತು. ಬೇತ್ಸಾಯಿದದ ಕುರುಡನ ಕಥೆ ಮಾರ್ಕನ ಸುವಾರ್ತೆಯಲ್ಲಿದೆ. ಯೇಸು ಅವನ ಮೇಲೆ ಕೈಯಿಟ್ಟು, ಏನಾದರೂ ಕಾಣುತ್ತದೆಯೇ ಎಂದು ಕೇಳುತ್ತಾನೆ. ಮನುಷ್ಯರು ನಡೆದಾಡುವ ಮರಗಳ ಹಾಗೆ ಕಾಣುತ್ತಾರೆಂದು ಆ ಬಡವ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಯೇಸು ಎರಡನೆಯ ಸಲ ಕೈಯಿಡುತ್ತಾನೆ. ಗುರುವೇ ಕೇಳಿ ನೋಡಿದನು. ರೋಗಿಯೂ ಭಕ್ತಿಯ ಹೆಸರಿನಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆಂದು ಹೇಳಿ ಅರ್ಧ ದೃಷ್ಟಿಯಲ್ಲಿಯೇ ಮನೆಗೆ ಹೋಗಲಿಲ್ಲ. ಲೂಕನಲ್ಲಿ ಬರುವ ಹತ್ತು ಮಂದಿ ಕುಷ್ಠರೋಗಿಗಳಿಗೆ, ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿರೆಂದೇ ಅಪ್ಪಣೆಯಾಯಿತು. ತೋರಿಸಿಕೊಳ್ಳಲು ಹೋಗುತ್ತಿರುವಾಗಲೇ ಅವರು ಶುದ್ಧರಾದರು. ಆ ಲೂಕನು ವೈದ್ಯನಾಗಿದ್ದನೆಂದು ಪೌಲನ ಪತ್ರದಿಂದ ತಿಳಿಯುವುದು.

ದೇವರನ್ನು ಪರೀಕ್ಷಿಸಬಾರದೆಂಬ ವಾಕ್ಯದ ವಿಚಾರ ಉಳಿಯಿತು. ಅದಕ್ಕೆ ನಮಗೆ ತೋಚಿದ್ದನ್ನು ನಾವು ಹೇಳಿದೆವು. ಸೈತಾನನು ಯೇಸುವನ್ನು ಕರೆದುಕೊಂಡು ಹೋದದ್ದು ದೇವಾಲಯದ ಶಿಖರಕ್ಕೆ. ಹೇಳಿದ್ದು ಅಲ್ಲಿಂದ ಧುಮುಕು, ದೂತರು ನಿನ್ನನ್ನು ಎತ್ತಿಕೊಳ್ಳುವರು ಎಂದು. ಫಿಲೋಮಿನಾ ದೇವಾಲಯದ ೧೭೫ ಅಡಿ ಗೋಪುರವನ್ನು ನೆನೆದುಕೊಳ್ಳಿರಿ. ಮೆಟ್ಟಿಲು ಹಿಡಿದು ಒಂದೊಂದಾಗಿ ಇಳಿಯುವವನು ದೇವರನ್ನು ಪರೀಕ್ಷಿಸಿದವನೋ, ಮೆಟ್ಟಿಲು ಬೇಡವೆಂದು ಹಾರುವವನೋ? ರಕ್ತಪರೀಕ್ಷೆಗೆ ಹೋಗುವವನು ಮೆಟ್ಟಿಲು ಇಳಿಯುವವನು. ವೈದ್ಯನು ಬಾ ಎಂದ ದಿನ ಹೋಗದೆ ದೇವರು ನೋಡಿಕೊಳ್ಳುವನೆಂದು ಕೆರೆಯ ಏರಿಯ ಮೇಲೆ ಅಡ್ಡಾಡುವವನೇ ಧುಮುಕಿದವನು. ನಮ್ಮ ಮಾತು ಕೊಂಚ ಕಟುವಾಯಿತೆಂದು ಆ ಗೃಹಿಣಿಯ ಮುಖದಿಂದ ತಿಳಿಯಿತು. ಮಿತ್ರರು ಮಾತ್ರ ನಕ್ಕರು. ಒಂಬತ್ತು ತಿಂಗಳಲ್ಲಿ ಅವರು ಹಾಗೆ ನಕ್ಕದ್ದನ್ನು ನಾವು ಕಂಡಿರಲಿಲ್ಲ.

ಆ ವಾರವೇ ರಕ್ತ ಕೊಟ್ಟರು. ಅಂಕಿ ೦.೨೪. ನಾಲ್ಕು ವಾರ ಬಿಟ್ಟು ಮತ್ತೆ ನೋಡಿದಾಗ ೦.೨೭. ರೋಗ ಮರುಕಳಿಸಿತ್ತು.

ಇಲ್ಲಿ ವಾಚಕರು ಎದೆಗುಂದಬಾರದು. ರಕ್ತದಲ್ಲಿ ಅಂಕಿ ಏರುವುದಕ್ಕೂ ರೋಗವು ಮೂಳೆ ಮೊದಲಾದ ಕಡೆಗಳಲ್ಲಿ ಕಣ್ಣಿಗೆ ಕಾಣುವಂತೆ ಹರಡುವುದಕ್ಕೂ ನಡುವೆ ಬಹುಕಾಲ ಇರುವುದುಂಟು. ಅಮೆರಿಕಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಸುಮಾರು ಎರಡು ಸಾವಿರ ಮಂದಿಯ ವೃತ್ತಾಂತ ೧೯೯೯ರಲ್ಲಿ ಪ್ರಕಟವಾಯಿತು. ಅಂಕಿ ಏರಿದ ಮೇಲೂ ಒಡನೆ ಬೇರೆ ಚಿಕಿತ್ಸೆ ಪಡೆಯದವರಲ್ಲಿ, ರೋಗ ಹರಡಿದ್ದು ಕಾಣಲು ಹಿಡಿದ ನಡುವಣ ಅವಧಿ ಎಂಟು ವರುಷ. ಎಲ್ಲರಿಗೂ ಹಾಗೆಂದಲ್ಲ, ಅಂಕಿ ಎಷ್ಟು ತಿಂಗಳಲ್ಲಿ ಇಮ್ಮಡಿಯಾಗುವುದೆಂಬುದರ ಮೇಲೆ ಬಹಳವಿದೆ. ಪರೀಕ್ಷೆಯ ಪ್ರಯೋಜನವೇ ಇದು. ಶತ್ರುವು ಕೋಟೆಯ ಬಾಗಿಲಿಗೆ ಬರುವ ಮುಂಚೆ ದೂರದ ಧೂಳನ್ನು ಕಂಡಂತೆ. ಆ ಹೊತ್ತಿನಲ್ಲಿ ಗ್ರಂಥಿಯಿದ್ದ ಜಾಗಕ್ಕೆ ಕಿರಣ ಚಿಕಿತ್ಸೆ ಮಾಡಿದರೆ ಉಳಿದ ಕಣಗಳು ನಾಶವಾಗುವ ಸಂಭವವುಂಟು. ಅಂಕಿ ಸಣ್ಣದಿದ್ದಾಗ, ೦.೫ ಮೀರುವ ಮುಂಚೆಯೇ ಮಾಡಿದಷ್ಟೂ ಫಲ ಹೆಚ್ಚು. ಒಂಬತ್ತು ತಿಂಗಳು ಅಡ್ಡಾಡಿದ ನಮ್ಮ ಮಿತ್ರರು ಇನ್ನೊಂದು ವರುಷ ಹಾಗೆಯೇ ಅಡ್ಡಾಡಿದ್ದರೆ ಈ ಬಾಗಿಲು ಬಹುಶಃ ಅರ್ಧ ಮುಚ್ಚಿರುತ್ತಿದ್ದಿತು. ಪಿ.ಎಸ್.ಎಂ.ಎ. ಪೆಟ್ ಎಂಬ ಹೊಸ ಬಗೆಯ ಚಿತ್ರವನ್ನು ಬೆಂಗಳೂರಿನಲ್ಲಿ ತೆಗೆಸಿದರು. ಮೈಯಲ್ಲಿ ಬೇರೆಲ್ಲಿಯೂ ಏನೂ ಕಾಣಲಿಲ್ಲ. ಆಮೇಲೆ ಏಳು ವಾರ, ವಾರಕ್ಕೆ ಐದು ದಿನ, ಮೂವತ್ತೈದು ಸಲ ಕಿರಣದ ಕೆಳಗೆ ಮಲಗಿ ಬಂದರು. ಮೂರು ತಿಂಗಳಿಗೆ ೦.೧೨, ಆರು ತಿಂಗಳಿಗೆ ೦.೦೬.

ಸಾಕ್ಷಿಯ ಗತಿಯೇನಾಯಿತೆಂದು ಕೆಲವರಾದರೂ ಕೇಳುವರು. ಕಿರಣ ಚಿಕಿತ್ಸೆ ಆರಂಭವಾಗುವ ಮುಂಚಿನ ಭಾನುವಾರ ಅವರು ಮತ್ತೆ ಸಭೆಯ ಮುಂದೆ ನಿಂತರು. ಕಳೆದ ಸಲ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದೂ, ಆ ದಿನ ಕೃತಜ್ಞತೆ ನಿಜವಾಗಿಯೇ ಇತ್ತೆಂದೂ, ಆದರೆ ನಾಳೆಯ ಮಾತನ್ನು ಇಂದೇ ಆಡಿಬಿಟ್ಟದ್ದು ತಮ್ಮ ತಪ್ಪೆಂದೂ, ಎರಡು ಪರೀಕ್ಷೆಗಳನ್ನು ತಪ್ಪಿಸಿ ಮನೆಯವರಿಗೆ ಸುಳ್ಳಾಡಿದೆನೆಂದೂ ಹೇಳಿದರು. ಸಭೆ ನಿಶ್ಶಬ್ದವಾಗಿತ್ತು. ಆರಾಧನೆ ಮುಗಿದ ಮೇಲೆ ಮರಗಳ ಕೆಳಗೆ ಮೂವರು ಗಂಡಸರು ಒಬ್ಬೊಬ್ಬರಾಗಿ ಅವರ ಬಳಿಗೆ ಬಂದು, ತಗ್ಗಿದ ದನಿಯಲ್ಲಿ ಏನನ್ನೋ ವಿಚಾರಿಸಿದರು. ಮೊದಲನೆಯ ಸಾಕ್ಷಿಯ ದಿನ ಎಲ್ಲರೂ ಕೈಕುಲುಕಿದ್ದರು, ಹೀಗೆ ಒಬ್ಬರೂ ಬಂದಿರಲಿಲ್ಲ.

ಕ್ರೈಸ್ತ ಲೋಕದಲ್ಲಿ ಈ ರೋಗವನ್ನು ಎದುರಿಸಿದ ಹೆಸರಾಂತವರು ಉಂಟು. ದಕ್ಷಿಣ ಆಫ್ರಿಕದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರಿಗೆ ಇದು ಗೊತ್ತಾದದ್ದು ೧೯೯೭ರಲ್ಲಿ, ಅವರು ಸತ್ಯ ಮತ್ತು ಸಮಾಧಾನ ಆಯೋಗದ ಅಧ್ಯಕ್ಷರಾಗಿದ್ದಾಗ. ಚಿಕಿತ್ಸೆಯಾದ ಮೇಲೂ ಅದು ಮರಳಿ ಬಂದಿತು, ಮತ್ತೆ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಅವರು ಅದನ್ನು ಮುಚ್ಚಿಡಲಿಲ್ಲ. ೨೦೨೧ರ ಡಿಸೆಂಬರ್ ೨೬ರಂದು ತೀರಿಕೊಂಡಾಗ ಅವರಿಗೆ ತೊಂಬತ್ತು ವರುಷ. ರೋಗದೊಡನೆ ಇಪ್ಪತ್ತನಾಲ್ಕು ವರುಷ ಬಾಳಿ, ನಕ್ಕು, ಅಧಿಕಾರದಲ್ಲಿದ್ದವರನ್ನು ಬೈದು, ಪ್ರಾರ್ಥಿಸಿ ಹೋದರು. ಅಮೆರಿಕಾದ ಬೋಧಕ ಜಾನ್ ಪೈಪರ್ ಅವರು ೨೦೦೬ರ ಫೆಬ್ರವರಿಯಲ್ಲಿ ಇದೇ ರೋಗದ ಶಸ್ತ್ರಚಿಕಿತ್ಸೆಗೆ ಮುಂಚಿನ ದಿನ ಒಂದು ಚಿಕ್ಕ ಬರಹ ಬರೆದರು. ಬದುಕುವ ಸಂಭವ ಎಷ್ಟೆಂಬ ಲೆಕ್ಕದಲ್ಲಿ ನೆಮ್ಮದಿಯನ್ನು ಹುಡುಕಬಾರದು, ದೇವರಲ್ಲಿ ಹುಡುಕಬೇಕು ಎಂಬುದು ಅದರ ಒಂದು ಅಂಶ. ಗಣಿತದ ಮೇಷ್ಟರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಲೆಕ್ಕವೂ ದೇವರದೇ ಎನ್ನುವರು. ನಮಗೂ ಪೈಪರ್ ಅವರ ಮಾತು ಒಂದು ಕಡೆಗೆ ವಾಲಿದಂತೆ ತೋರುವುದು. ಆದರೆ ಅವರು ಹಾಗೆ ಬರೆದು ಮಾರನೆಯ ದಿನ ಆಸ್ಪತ್ರೆಗೆ ಹೋದರೇ ಹೊರತು ಮನೆಯಲ್ಲಿ ಕೂರಲಿಲ್ಲ.

ನಿಜವಾಗಿ ಕಷ್ಟವಾದದ್ದು ಸೂಜಿಯಲ್ಲ, ಸೂಜಿಗೂ ಚೀಟಿಗೂ ನಡುವಿನ ಹೊತ್ತು. ಬೆಳಗ್ಗೆ ರಕ್ತ ಕೊಟ್ಟರೆ ಮಾರನೆಯ ದಿನ ಸಂಜೆಗೆ ಫಲ ತಿಳಿಯುವುದು. ಅದಕ್ಕೆ ಮುಂಚಿನ ಒಂದು ವಾರವೂ ಸೇರಿದಂತೆ ಮನೆಯಲ್ಲಿ ಮಾತು ಸಣ್ಣದಾಗುವುದು. ಬೆನ್ನು ನೋವು ಬಂದರೆ ಮೂಳೆಯ ನೆನಪಾಗುವುದು. ಯಾರೋ ಏನೋ ಕೇಳಿದರೆ ಸಿಡುಕು. ಪತ್ನಿಯ ನಿದ್ರೆ ಗಂಡನದಕ್ಕಿಂತ ಮೊದಲೇ ಕೆಡುವುದು. ಫಲ ಈಗ ಮೊಬೈಲಿಗೇ ಬರುವುದರಿಂದ ಅವರು ಅದನ್ನು ಗಳಿಗೆಗೊಮ್ಮೆ ತೆಗೆದು ನೋಡುತ್ತಿದ್ದರು. ಒಂದು ಸಲ ನಮ್ಮೊಡನೆ ಹೀಗೆ ಹೇಳಿದರು: “ಸೊನ್ನೆಯಾಗಲಿ, ಸೊನ್ನೆಯಾಗಲಿ ಎಂದು ಪ್ರಾರ್ಥಿಸುತ್ತಿದ್ದೆ. ಆಮೇಲೆ ಯೋಚನೆ ಬಂತು. ರಕ್ತ ಆಗಲೇ ಸೀಸೆಯಲ್ಲಿದೆ. ಅದರಲ್ಲಿ ಎಷ್ಟಿದೆಯೋ ಅಷ್ಟು ಇದ್ದೇ ಇದೆ. ಹಾಗಾದರೆ ನಾನು ಕೇಳುತ್ತಿರುವುದೇನು?” ಅಂದಿನಿಂದ ಆ ಒಂದೂವರೆ ದಿನಕ್ಕೆ ಅವರು ಬೇರೆ ಕೆಲಸ ಇಟ್ಟುಕೊಂಡಿರುವರು. ಪ್ರಯೋಗಾಲಯದ ಬೆಂಚಿನ ಮೇಲೆ ತಮ್ಮ ಎರಡು ಪಕ್ಕದಲ್ಲಿ ಕುಳಿತವರನ್ನು ಮಾತನಾಡಿಸಿ, ಹೆಸರು ಕೇಳಿಕೊಂಡು, ಫಲ ಬರುವವರೆಗೆ ಅವರಿಗಾಗಿ ಮಾತ್ರ ಪ್ರಾರ್ಥಿಸುವರು. ತಮ್ಮದನ್ನು ಪತ್ನಿಗೆ ವಹಿಸಿಕೊಟ್ಟಿರುವರು. ಆಕೆ ಮೇಣದ ಬತ್ತಿಗೆ ವಹಿಸುವರು. ಅದಕ್ಕೆ ಈಗ ಅವರ ಆಕ್ಷೇಪಣೆ ಇಲ್ಲ, ಅಥವಾ ಮೊದಲಿನಷ್ಟಿಲ್ಲ.

ಇಂಥವರಿರುವ ಮನೆಗಳಲ್ಲಿ ಗೃಹಿಣಿಯರು ಒಂದೆರಡು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು. ಸಾಧ್ಯವಾದ ಮಟ್ಟಿಗೂ ಪ್ರತಿಸಲ ಒಂದೇ ಪ್ರಯೋಗಾಲಯದಲ್ಲಿ ರಕ್ತ ಕೊಡಿಸಬೇಕು. ಬೇರೆ ಬೇರೆ ಯಂತ್ರಗಳು ಒಂದೇ ರಕ್ತಕ್ಕೆ ಕೊಂಚ ಬೇರೆ ಬೇರೆ ಅಂಕಿಗಳನ್ನು ಕೊಡುವುದುಂಟು. ನಮ್ಮ ಮಿತ್ರರು ಒಮ್ಮೆ ಊರಿನ ಮತ್ತೊಂದು ಕಡೆ ಕೊಟ್ಟು, ಏರಿದ ಅಂಕಿಯನ್ನು ಕಂಡು ಎರಡು ರಾತ್ರಿ ನಿದ್ರೆಗೆಟ್ಟರು. ಹಳೆಯ ಕಡೆಯಲ್ಲಿ ನೋಡಿದಾಗ ಅಷ್ಟಿರಲಿಲ್ಲ. ಗ್ರಂಥಿಯನ್ನು ಉಳಿಸಿಕೊಂಡು ಕಿರಣ ಚಿಕಿತ್ಸೆ ಪಡೆದವರಿಗೆ ಮೂತ್ರದ ಸೋಂಕು ಬಂದಿದ್ದರೆ ಅದು ವಾಸಿಯಾಗುವವರೆಗೆ ಪರೀಕ್ಷೆಯನ್ನು ಮುಂದಕ್ಕೆ ಹಾಕುವುದನ್ನು ವೈದ್ಯರಲ್ಲಿ ಕೇಳಬೇಕು. ಕೂದಲು ಉಗುರುಗಳಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಅದನ್ನು ಹೇಳದೆ ಇರಬಾರದು. ಕೆಲವು ಯಂತ್ರಗಳ ಲೆಕ್ಕವನ್ನು ಅದು ಕೆಡಿಸುವುದು. ಎಲ್ಲ ಚೀಟಿಗಳನ್ನೂ ತಾರೀಖಿನಂತೆ ಒಂದು ಪುಸ್ತಕದಲ್ಲಿ ಅಂಟಿಸಿಡಿರಿ. ವೈದ್ಯರು ನೋಡುವುದು ಒಂದು ಅಂಕಿಯನ್ನಲ್ಲ, ಅಂಕಿಗಳ ನಡಿಗೆಯನ್ನು. ಫಲವನ್ನು ತಿಳಿಯುವ ಹೊತ್ತನ್ನೂ ಮೊದಲೇ ಗೊತ್ತುಮಾಡಿಕೊಳ್ಳುವುದು ಮೇಲು. ಈ ಮನೆಯಲ್ಲಿ ಸಂಜೆ ಕಾಫಿಯಾದ ಮೇಲೆ, ಇಬ್ಬರೂ ಕುಳಿತು, ಪತ್ನಿ ಓದುವುದೆಂದು ನಿಯಮ. ಮೊಬೈಲು ಅಲ್ಲಿಯವರೆಗೆ ಅಡಿಗೆಮನೆಯ ಅಕ್ಕಿ ಡಬ್ಬದ ಮೇಲಿರುವುದು.

ಹೋದ ವಾರ ಮತ್ತೆ ಕೆಂಪು ಸುತ್ತಿನ ದಿನ ಬಂದಿತ್ತು. ನಾವು ಜೊತೆಗೆ ಹೋದೆವು. ಬೆಳಗ್ಗೆ ಏಳೂವರೆಗೆ ಬೆಂಚು ತುಂಬಿತ್ತು. ಎಡಗಡೆ ನಂಜನಗೂಡಿನ ಕಡೆಯ ರೈತರೊಬ್ಬರು, ಹಣೆಯಲ್ಲಿ ವಿಭೂತಿ. ಬಲಗಡೆ ಮಂಡಿ ಮೊಹಲ್ಲದ ವ್ಯಾಪಾರಿಯೊಬ್ಬರು, ಕೈಯಲ್ಲಿ ಜಪಸರ. ನಮ್ಮ ಮಿತ್ರರು ಇಬ್ಬರ ಹೆಸರನ್ನೂ ರಶೀದಿಯ ಹಿಂಬದಿಯಲ್ಲಿ ಬರೆದುಕೊಂಡು ಜೇಬಿನಲ್ಲಿಟ್ಟರು. ತಮ್ಮ ಸರದಿ ಬಂದಾಗ ಅಂಗಿಯ ತೋಳನ್ನು ಮಡಿಸುತ್ತ ಒಳಗೆ ಹೋಗಿ, ಹತ್ತಿಯ ಚೂರನ್ನು ಒತ್ತಿ ಹಿಡಿದುಕೊಂಡು ಹೊರಗೆ ಬಂದರು. ಮನೆಗೆ ಹೋದ ಕೂಡಲೆ ಪತ್ನಿಗೆ ತೋರಿಸಬೇಕೆಂದು ಅದನ್ನು ಹಾಗೆಯೇ ಬಿಟ್ಟುಕೊಂಡಿದ್ದರು. ಆ ಸಂಜೆ ಗಾನವೃಂದದ ಅಭ್ಯಾಸವಿತ್ತು. ಈಗ ಅವರು ಎರಡನೆಯ ಸಾಲಿನಲ್ಲಿ ನಿಲ್ಲುತ್ತಾರೆ.